ಮೂರನೆಯ ಕರೆ

ಸವಳಂಗ ರಸ್ತೆಯ ಟೈರ್ ಅಂಗಡಿಯೊಂದರ ಮೇಲಿನ ಬಾಡಿಗೆ ಮನೆಯಲ್ಲಿದ್ದ ವಿದ್ಯಾಶ್ರೀಗೆ ಶಿವಮೊಗ್ಗದ ಕಾಲೇಜಿನಲ್ಲಿ ಆಪ್ತಸಮಾಲೋಚಕಿಯ ಕೆಲಸ. ಹೊನ್ನಾಳಿ ಕಡೆಯ ಒಕ್ಕಲುತನದ ಮನೆಯವಳು. ಎದುರಿಗೆ ಕೂತವರ ನಂಬಿಕೆಯನ್ನು ಗೌರವಿಸಬೇಕೆಂದು ಮನಶ್ಶಾಸ್ತ್ರದ ತರಗತಿಯಲ್ಲಿ ಕೇಳಿದ್ದಳು. ಗೌರವಿಸುವುದೆಂದರೆ ನಗದೆ ಕೇಳಿಸಿಕೊಂಡು, ಆಮೇಲೆ ಮೆಲ್ಲಗೆ ಬಿಡಿಸುವುದು ಎಂದೇ ಅವಳು ತಿಳಿದಿದ್ದಳು.

ಆ ವರ್ಷ ಹಾಸ್ಟೆಲಿನ ವಾರ್ಡನ್ ರಶ್ಮಿ ಎಂಬ ಹುಡುಗಿಯನ್ನು ಕಳಿಸಿದರು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನವಳು, ಮನೆಮಾತು ತಮಿಳು. ಯಾರು ಕರೆದರೂ ಮೊದಲ ಸಲಕ್ಕೆ ಓಗೊಡುವುದಿಲ್ಲ, ಎರಡನೆಯ ಸಲಕ್ಕೂ ಇಲ್ಲ; ಮೂರನೆಯ ಸಲಕ್ಕೆ ತಿರುಗುತ್ತಾಳೆ. ಜೊತೆಯ ಹುಡುಗಿಯರು ಹೆದರಿ, ಬೇರೆ ರೂಮು ಕೊಡಿ ಎಂದು ದುಂಬಾಲು ಬಿದ್ದಿದ್ದರು.

ರಶ್ಮಿ ಏನನ್ನೂ ಮುಚ್ಚಿಡಲಿಲ್ಲ. ಹಿಂದಿನ ವರ್ಷ ಅವಳ ಅಣ್ಣ ನವೀನ್ ಭದ್ರಾ ನಾಲೆಯಲ್ಲಿ ಕೊಚ್ಚಿಹೋಗಿದ್ದ. ದೇಹ ಸಿಗಲಿಲ್ಲ. ಹಾಗೆ ಹೋದವರು ಗುರುತಿನವರ ಧ್ವನಿಯಲ್ಲಿ ಮನೆಯವರನ್ನು ಕರೆಯುತ್ತಾರೆ, ಆದರೆ ಎರಡು ಸಲಕ್ಕಿಂತ ಹೆಚ್ಚು ಕರೆಯಲು ಅವರಿಂದಾಗದು, ಮೂರನೆಯ ಕರೆ ಬದುಕಿದ್ದವರದೇ ಎಂದು ಅಜ್ಜಿ ವೀರಮ್ಮ ಹೇಳಿದ್ದರಂತೆ.

ದುಃಖ ಕಟ್ಟಿಕೊಂಡ ಬೇಲಿ ಇದು, ಕಿತ್ತರೆ ಹುಡುಗಿ ಹಗುರಾಗುತ್ತಾಳೆ ಎಂದುಕೊಂಡಳು ವಿದ್ಯಾಶ್ರೀ.

"ಕಣ್ಣು ಮುಚ್ಕೊಂಡು ಕೂತ್ಕೊ. ನಾನು ಒಂದೇ ಸಲ ಕರೀತೀನಿ, ತಕ್ಷಣ ಓಗೊಡು. ಏನೂ ಆಗಲ್ಲ ಅಂತ ನಿಂಗೇ ಗೊತ್ತಾಗುತ್ತೆ."

"ಅಜ್ಜಿ ಬೇಡ ಅಂದಿದಾರೆ ಮೇಡಂ."

"ಇಲ್ಲಿ ಅಜ್ಜಿ ಇಲ್ವಲ್ಲ."

ರಶ್ಮಿ ಗೋಡೆಗೆ ಮುಖಮಾಡಿ ಕಣ್ಣು ಮುಚ್ಚಿದಳು. ಮಧ್ಯಾಹ್ನದ ಹೊತ್ತು. ಕರೆಯುವ ಮೊದಲು ವಿದ್ಯಾಶ್ರೀ ಬಾಟಲಿಯೆತ್ತಿ ನೀರು ಬಾಯಿಗೆ ಹಾಕಿಕೊಂಡಳು. ಆಗಲೇ ಮುಚ್ಚಿದ ಬಾಗಿಲಿನಾಚೆಯಿಂದ "ರಶ್ಮೀ" ಎಂದು ಕರೆ ಬಂತು. ಅದು ವಿದ್ಯಾಶ್ರೀಯದೇ ಧ್ವನಿ.

"ಆಂ, ಬಂದೆ" ಎಂದಳು ಹುಡುಗಿ. ಕಣ್ಣು ಬಿಟ್ಟು, ಬಹಳ ದಿನಗಳ ಮೇಲೆ ನಕ್ಕಳು. "ಏನೂ ಆಗಲಿಲ್ಲ ಮೇಡಂ."

ವಿದ್ಯಾಶ್ರೀಯ ಬಾಯಲ್ಲಿ ನೀರು ಹಾಗೇ ಇತ್ತು. ಎದ್ದು ಬಾಗಿಲು ತೆಗೆದಳು. ಉದ್ದನೆಯ ಕಾರಿಡಾರಿನಲ್ಲಿ ಬಿಸಿಲು ಬಿದ್ದಿತ್ತು. ಆ ತುದಿಯಲ್ಲಿ ಅಟೆಂಡರ್ ಹಾಲೇಶ್ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ. ಬೇರೆ ಯಾರೂ ಇರಲಿಲ್ಲ. ಕರೆದದ್ದು ತಾನಲ್ಲ ಎಂದು ಅವಳು ರಶ್ಮಿಗೆ ಹೇಳಲಿಲ್ಲ.

ಅಂದಿನಿಂದ ರಶ್ಮಿ ಯಾರೂ ಕರೆಯದಿದ್ದರೂ ಓಗೊಡತೊಡಗಿದಳು. ಪಾಠದ ನಡುವೆ "ಬಂದೆ" ಎಂದು ಎದ್ದು ನಿಲ್ಲುವಳು. ಅನ್ನ ಬಿಟ್ಟಳು, ನಿದ್ದೆ ಬಿಟ್ಟಳು. ಡಾಕ್ಟರು ಕೊಟ್ಟ ಮಾತ್ರೆಯಿಂದ ಒಂದಿಷ್ಟು ನಿದ್ದೆ ಬಂತೇ ಹೊರತು ಓಗೊಡುವುದು ನಿಲ್ಲಲಿಲ್ಲ. ಒಂದು ದಿನ ತುಂಗೆಯ ಮೆಟ್ಟಿಲಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವಳನ್ನು ಬಟ್ಟೆ ಒಗೆಯುವವರು ಹಿಡಿದು ತಂದರು. ಅವಳ ಅಪ್ಪ ವೆಂಕಟಾಚಲ ಬಂದು ಮಗಳನ್ನು ಕರೆದುಕೊಂಡು ಹೋದರು.

ಆ ಭಾನುವಾರ ವಿದ್ಯಾಶ್ರೀ ಭದ್ರಾವತಿಯ ಬಸ್ಸು ಹತ್ತಿದಳು. ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದಳು. ವೀರಮ್ಮ "ವಾಮ್ಮಾ" ಎಂದು ಒಳಗೆ ಕರೆದು ಚಾಪೆ ಹಾಸಿ, ಕಾಫಿ ಕೊಟ್ಟು ಎದುರಿಗೆ ಕೂತರು. ವಿದ್ಯಾಶ್ರೀ ಆ ಮಧ್ಯಾಹ್ನದ ಕರೆಯ ಸಂಗತಿಯನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದಳು. ಮುದುಕಿಗೆ ಆಶ್ಚರ್ಯವೇ ಆಗಲಿಲ್ಲ.

"ಅವನಿಗೆ ತಾನು ಸತ್ತಿದ್ದೇ ಗೊತ್ತಿಲ್ಲಮ್ಮ. ಮನೆಗೆ ಬರೋ ದಾರಿ ಕೇಳ್ತಾವ್ನೆ. ನಿಮ್ಮ ಮನೇಲಿ ಇಂಥದ್ದಕ್ಕೆ ಏನ್ಮಾಡ್ತೀರಿ?"

ಓದಿದ ಇಷ್ಟು ವರ್ಷಗಳಲ್ಲಿ ಯಾರೂ ವಿದ್ಯಾಶ್ರೀಯನ್ನು ಹಾಗೆ ಕೇಳಿರಲಿಲ್ಲ. ಅವಳೂ ಯಾರನ್ನೂ ಕೇಳಿರಲಿಲ್ಲ. ಅಪ್ಪ ಸಿದ್ದಯ್ಯ ತೀರಿಕೊಂಡಾಗ ಎತ್ತುಗಳು ಹುಲ್ಲು ಮೂಸಿರಲಿಲ್ಲ. ಅವ್ವ ಪ್ರೇಮಮ್ಮ ಅವಳ ಕೈ ಹಿಡಿದು ಕೊಟ್ಟಿಗೆಗೆ ಕರೆದೊಯ್ದು, ಎತ್ತಿನ ಕಿವಿಯಲ್ಲಿ ಹೇಳಿಸಿದ್ದಳು: ಅಪ್ಪ ಸತ್ತ, ಇನ್ನು ಬರಲ್ಲ. ಗೆಳತಿಯರು ನಕ್ಕಾರೆಂದು ಬಚ್ಚಿಟ್ಟಿದ್ದ ಆ ಮಾತನ್ನು ಅವಳು ಮುದುಕಿಯ ಮುಂದಿಟ್ಟಳು.

ವೀರಮ್ಮ ಕಾಫಿ ಲೋಟ ಎತ್ತಿಟ್ಟು ಎದ್ದರು. "ನಾವು ಓಗೊಡದೆ ಬಾಯಿ ಮುಚ್ಕೊಂಡ್ವಿ. ನೀವು ಸತ್ತ ಅಂತ ಹೇಳಿಬಿಟ್ರಿ. ಅವನಿಗೂ ಹೇಳೋದೇ ಸರಿ ಇರಬೇಕು, ಬಾ."

ಹೊತ್ತು ಮುಳುಗುವ ಮುಂಚೆ ರಶ್ಮಿ, ಅವಳ ಅಪ್ಪ ಸೇರಿ ನಾಲ್ವರೂ ನಾಲೆಯ ದಂಡೆಗೆ ಹೋದರು. ವೆಂಕಟಾಚಲ ಮಗಳ ಸೊಂಟವನ್ನು ಪಂಚೆಯಿಂದ ಸುತ್ತಿ ತುದಿಯನ್ನು ಗಟ್ಟಿಯಾಗಿ ಹಿಡಿದರು. ಅವಳು ನೀರಿನ ಕಡೆ ಬಗ್ಗಿ, ಅಣ್ಣನನ್ನು ಮೂರು ಸಲ ಕರೆದು, ತಮಿಳಿನಲ್ಲಿ ಮೆತ್ತಗೆ ಮಾತಾಡಿದಳು. ವಿದ್ಯಾಶ್ರೀಗೆ ಒಂದು ಪದವೂ ತಿಳಿಯಲಿಲ್ಲ, ಆದರೆ ಕೊಟ್ಟಿಗೆಯ ಗಂಜಲದ ವಾಸನೆ ಮೂಗಿಗೆ ಬಂದಂತಾಗಿ ಕಣ್ಣು ತುಂಬಿತು.

ಆಗ ಅವಳ ಬೆನ್ನ ಹಿಂದೆ ಯಾರೋ "ವಿದ್ಯಾ" ಎಂದರು. ಹಾಗೆ ಮೊಟಕುಮಾಡಿ ಕರೆಯುತ್ತಿದ್ದವನು ಅಪ್ಪ ಒಬ್ಬನೇ. ಅವಳ ತುಟಿ ಬಿರಿಯುವಷ್ಟರಲ್ಲಿ ವೀರಮ್ಮ ಅವಳ ಮುಂಗೈಯನ್ನು ಉಗುರು ಊರುವಂತೆ ಹಿಡಿದರು. ಮುದುಕಿಗೂ ಕೇಳಿಸಿತ್ತು. ಇನ್ನೊಮ್ಮೆ ಕರೆ ಬಂತು, ಇನ್ನೂ ಹತ್ತಿರದಿಂದ. ಆಮೇಲೆ ನಾಲೆಯ ನೀರಿನ ಸದ್ದು ಮಾತ್ರ.

ರಶ್ಮಿ ಮನೆಗೆ ಬಂದು ಎರಡು ತಟ್ಟೆ ಅನ್ನ ಉಂಡಳು. ತಿಂಗಳು ಕಳೆಯುವುದರೊಳಗೆ ಹಾಸ್ಟೆಲಿಗೆ ಮರಳಿದಳು. ಮಾತ್ರೆ ಮುಗಿಯುವವರೆಗೂ ನುಂಗಿದಳು, ಪರೀಕ್ಷೆ ಬರೆದಳು. ರೂಮಿನವರು ಮೂರು ಸಲ ಕರೆಯುವುದನ್ನು ರೂಢಿಮಾಡಿಕೊಂಡರು; ಹಾಗೆ ಕೇಳಿಕೊಂಡವಳು ವಿದ್ಯಾಶ್ರೀಯೇ.

ಈಗ ತನ್ನ ಕೋಣೆಗೆ ಬರುವ ಮಕ್ಕಳನ್ನು ಅವಳು ಮೊದಲು ಕೇಳುವುದು ಅವರ ಮನೆಯ ರೀತಿಯನ್ನು. ತಾಂಡಾದವರು, ಕೇರಳದವರು, ಮಣಿಪುರದಿಂದ ಬಂದವನೊಬ್ಬ, ಊರಿನ ಸಾಬರ ಹುಡುಗಿಯರು, ಒಬ್ಬೊಬ್ಬರದೂ ಒಂದೊಂದು. ಕೆಲವರು ನಾಚುತ್ತಾರೆ, ಕೆಲವರು ಅಳುತ್ತಾರೆ. ಅವಳು ಬಿಡಿಸಲು ಅವಸರ ಮಾಡುವುದಿಲ್ಲ. ಮುಂಗೈಯಲ್ಲಿ ಉಗುರಿನ ಗುರುತು ಮಾಸಿಲ್ಲ. ಏನದು ಎಂದು ಕೇಳಿದವರಿಗೆ, ಭದ್ರಾವತಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ ಎಂದಷ್ಟೇ ಹೇಳುತ್ತಾಳೆ.