ಮಾತಾಡ್ತಾ ನಡೆಯೋಷ್ಟು

"ಆ ಮನೆಗೆ ದೇವರು ಎರಡು ಜೋಡಿ ಕಿವಿ ಕೊಟ್ಟ, ನಾಲಿಗೆ ಮಾತ್ರ ಒಂದೇ ಕೊಟ್ಟ" ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಆ ಒಂದು ನಾಲಿಗೆ ಹೆಂಡತಿಯದು. ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವವನು. ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರೀತೋ ಎಂಬಂತೆ ಇರುತ್ತಿದ್ದ. ತಪ್ಪು ಅವನದಲ್ಲ, ಕಸುಬಿನದು. ಏಣಿಯ ಮೇಲೆ ನಿಂತು ಉದ್ದದ ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯಬೇಕು. ಉಸಿರು ಅಲುಗಿದರೆ ಕುಂಚವೂ ಅಲುಗುತ್ತದೆ. ಬಿಗಿಹಿಡಿದ ಉಸಿರಲ್ಲಿ ಮಾತಿಗೆಲ್ಲಿಯ ಜಾಗ? ಏಣಿ ಇಳಿದ ಮೇಲೂ ಆ ಅಭ್ಯಾಸ ಅವನನ್ನು ಬಿಡಲಿಲ್ಲ.

ಒಂದು ಚಳಿಗಾಲ ಅವನ ಕಾಲುಗಳು ಊದಿಕೊಂಡವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬಿನ ಮೇಲೆ ದಿಂಬಿಟ್ಟು, ಒರಗಿ ಕೂತೇ ನಿದ್ದೆ ಮಾಡತೊಡಗಿದ. "ಹೃದಯ ನಿಂತಿಲ್ಲಮ್ಮ, ಸೋತಿದೆ" ಎಂದರು ಡಾಕ್ಟರು. ಮಾತ್ರೆ ಕೊಟ್ಟು, ಸೋತ ಹೃದಯದವರಿಗೆಂದೇ ಇದ್ದ ವ್ಯಾಯಾಮಶಾಲೆಗೆ ಕಳಿಸಿದರು.

ದೊಡ್ಡ ಕಿಟಕಿಗಳ ಹಾಲು ಅದು. ಗಂಡಸರು ಹೆಂಗಸರು ಕನಸಿನಲ್ಲಿ ನಡೆಯುವವರ ಹಾಗೆ, ಗೋಡೆಯ ಬದಿಯಲ್ಲೇ ಮೆಲ್ಲಮೆಲ್ಲಗೆ ಸುತ್ತು ಹಾಕುತ್ತಿದ್ದರು. ವ್ಯಾಯಾಮ ಕಲಿಸುವ ಹುಡುಗಿ ಹೇಳಿದಳು: "ಮಾತಾಡ್ತಾ ನಡೆಯೋಷ್ಟು ನಡೀರಿ ಅಂಕಲ್. ಮಾತು ತುಂಡಾದ್ರೆ ನಿಧಾನ ಮಾಡಿ. ಈಗ ಹೇಗನ್ನಿಸ್ತಿದೆ?"

"ಚೆನ್ನಾಗಿದೆಯಂತೆ" ಎಂದಳು ಹೆಂಡತಿ, ಬೆಂಚಿನಿಂದ.

"ಸುಸ್ತಾಯ್ತಾ?"

"ಇಲ್ವಂತೆ. ಇನ್ನೊಂದು ಸುತ್ತು ಹಾಕ್ತಾರಂತೆ."

ಆ ಇನ್ನೊಂದು ಸುತ್ತಿನ ನಡುವೆ ಅವನು ಗೋಡೆ ಹಿಡಿದು ಕುಸಿದ.

ಉಸಿರು ಮರಳಿದ ಮೇಲೆ ಹುಡುಗಿ ಹೆಂಡತಿಯ ಕಡೆ ತಿರುಗಿದಳು. "ಆಂಟೀ, ಹೃದಯ ಅವರದ್ದು, ಮಾತೂ ಅವರದ್ದೇ ಬೇಕು. ಕೈ ಎತ್ತುವಾಗಲೂ ಉಸಿರು ಹಿಡೀತಾರೆ ನೋಡಿ. ಅವರು ಮಾತಾಡ್ತಾ ಇದ್ರೆ ತಾನೇ ಉಸಿರಾಡ್ತಿದ್ದಾರೆ ಅಂತ ಗೊತ್ತಾಗೋದು? ನೀವು ಸ್ವಲ್ಪ ಸುಮ್ನಿದ್ರೆ ಅವರು ಉಳೀತಾರೆ."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದಳು. ಅವತ್ತು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ತಲೆಯಾಡಿಸಿದಳು.

ಕೆಲವು ದಿನ ಸುಧಾರಿಸಿಕೊಂಡು, ಬೆಳಗಿನ ಮಂಜಿನಲ್ಲಿ ಇಬ್ಬರೂ ಬೀದಿಗಿಳಿದರು. ಅವಳು ತುಟಿ ಬಿಗಿದಳು. ಅವನಿಗೋ, ಏನು ಮಾತಾಡಬೇಕೆಂದೇ ತಿಳಿಯದು. ಮೊದಮೊದಲು ತಾನೇ ಬರೆದ ಬೋರ್ಡುಗಳನ್ನು ಗಟ್ಟಿಯಾಗಿ ಓದಿದ: "ಕೊಡೆ ರಿಪೇರಿ... ಹಲ್ಲಿನ ಡಾಕ್ಟರು... ಹಳೇ ಕುರ್ಚಿ ಹೆಣೆದು ಕೊಡಲಾಗುವುದು..." ಬರಬರುತ್ತಾ ಒಂದೊಂದು ಬೋರ್ಡಿನ ಹಿಂದಿನಿಂದಲೂ ಕಥೆ ಇಣುಕತೊಡಗಿತು. ಮಂಜಿನಲ್ಲಿ ಅಂಗಡಿಗಳು ಕಾಣುತ್ತಿರಲಿಲ್ಲ. ಅಕ್ಷರಗಳಷ್ಟೇ ತೇಲಿ ಬರುತ್ತಿದ್ದವು, ಅವುಗಳ ಹಿಂದೆಯೇ ಅವನ ದನಿ.

ಒಂದು ಬೆಳಗ್ಗೆ ಕೊಡೆಯಂಗಡಿಯ ಮುಂದೆ ನಿಂತ. "ಈ ಬೋರ್ಡಿನ ಕೊಡೆ ಮೇಲೆ ಗುಬ್ಬಿ ಯಾಕಿದೆ ಗೊತ್ತೇನೇ? ಇದನ್ನ ಬರೀತಾ ಏಣಿ ಮೇಲಿದ್ದೆ. ಕೆಳಗೊಬ್ಬಳು ಬಸ್ ಕಂಡಕ್ಟರ್ ಜೊತೆ ಜಗಳ ಆಡ್ತಿದ್ಲು. ಅಬ್ಬಬ್ಬಾ, ಏನು ಬಾಯಿ! ನನ್ನ ಕೆಲಸ ಮುಗಿದಿತ್ತು. ಆದ್ರೆ ನಾಳೆನೂ ಅವಳು ಬಸ್ಸಿಗೆ ಬರ್ತಾಳಲ್ಲ ಅಂತ, ಯಾರೂ ಕೇಳದ ಗುಬ್ಬಿ ಶುರು ಮಾಡಿದೆ."

"ರೀ! ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲ!"

"ನೀನು ಬಿಡುವು ಕೊಟ್ರೆ ತಾನೇ?"

ಹೃದಯ ಹೊಸದಾಗಲಿಲ್ಲ. ಆದರೂ ಮುದಿ ಎತ್ತಿನ ಹಾಗೆ ತನ್ನ ಪಾಡಿಗೆ ತಾನು ಬಂಡಿ ಎಳೆಯಿತು. ಕಾಲಿನ ಊತ ಇಳಿಯಿತು, ದಿಂಬು ಒಂದಕ್ಕೆ ಬಂತು. ಅವನು ಮೇಜಿನ ಮುಂದೆ ಕೂತು, ಗುನುಗುತ್ತಾ ಸಣ್ಣ ಬೋರ್ಡುಗಳನ್ನು ಬರೆದ. ಗೆರೆಗಳು ಕೊಂಚ ತೂಗಾಡುತ್ತಿದ್ದವು, ತೊಟ್ಟಿಲಿನ ಹಾಗೆ. ಯಾರೂ ದೂರಲಿಲ್ಲ.

ಹಾಗೇ ಕೆಲವು ವರ್ಷ ಕಳೆದವು. ಆಮೇಲೊಂದು ಮಳೆಗಾಲ ದಿಂಬುಗಳು ಮತ್ತೆ ಒಂದರ ಮೇಲೊಂದು ಏರಿದವು. ಒಂದು ಸಂಜೆ ಕಥೆಯ ನಡುವೆ ಅವಳು "ಆಮೇಲೆ?" ಎಂದಳು. ಅವನು ಹೇಳಲಿಲ್ಲ.

ಚಟ್ಟ ಹೊತ್ತವರು ಹೊಸ್ತಿಲು ದಾಟಿ ಬಿರುಸಾಗಿ ಹೆಜ್ಜೆ ಹಾಕಿದರು. ಹಿಂದಿನಿಂದ ಅವಳ ಕೂಗು ಬಂತು: "ಏ, ನಿಧಾನ ಕಣ್ರಪ್ಪಾ! ಮಾತಾಡ್ತಾ ನಡೆಯೋಷ್ಟು ನಡೀರಿ."

ಅವರು ನಿಧಾನಿಸಿದರು. ಅವಳು ಪಕ್ಕಕ್ಕೆ ಬಂದು, ಅವನ ಕಿವಿಯ ಹತ್ತಿರ ಬಾಗಿ ಹೇಳತೊಡಗಿದಳು: "ಕಂಡಕ್ಟರ್ ಜೊತೆ ಯಾಕೆ ಜಗಳ ಆಡ್ದೆ ಅಂತ ನೀವು ಕೇಳ್ಲೇ ಇಲ್ಲ ನೋಡಿ. ಬಸ್ಸು ಹೋಗಿಬಿಡ್ಲಿ ಅಂತ ಕಣ್ರೀ. ಏಣಿ ಮೇಲೊಬ್ಬ ಇದ್ನಲ್ಲ, ಬೆನ್ನು ತಿರುಗಿಸ್ಕೊಂಡು..."