ವಿಮಾನಕ್ಕೆ ಹಚ್ಚಿದ ಐಲೈನರ್

ಗೆಳೆಯರೇ, ಇವತ್ತು ಬೆಳಿಗ್ಗೆ ನಾನೇ ಜೋಡಿಸಿದ ಪ್ಲಾಸ್ಟಿಕ್ ವಿಮಾನಕ್ಕೆ ಹೆಂಡತಿಯ ಐಲೈನರ್ ಹಚ್ಚಿದೆ. ರೆಕ್ಕೆಯ ಮೇಲಿನ ಕೂದಲೆಳೆಯಂಥ ಗೀರುಗಳಿಗೆ ಕಪ್ಪು ತುಂಬಿದರೆ ಪುಟ್ಟ ಮಾಡೆಲ್ಲು ನಿಜವಾದ ವಿಮಾನದ ಹಾಗೆ ಕಾಣುತ್ತದೆ. ನನ್ನ ಬ್ರಷ್ಷು ದಪ್ಪ, ಕೈ ನಡುಗುತ್ತದೆ. ಐಲೈನರಿನ ತುದಿ ಸೂಜಿಯಷ್ಟು ಚೂಪು. ಒಂದೇ ಗೆರೆ ಎಂದುಕೊಂಡವನು ಎರಡೂ ರೆಕ್ಕೆ ಮುಗಿಸಿದೆ.

ಅಷ್ಟರಲ್ಲಿ ಅವಳು ತನ್ನ ಚಿಕ್ಕಮ್ಮನ ಮಗಳ ಮದುವೆಗೆಂದು ರೇಷ್ಮೆ ಸೀರೆಯುಟ್ಟು ಕನ್ನಡಿಯ ಮುಂದೆ ನಿಂತಳು.

“ರೀ, ಇದ್ಯಾಕೆ ಬರೀತಿಲ್ಲ?”

“ಖಾಲಿ ಆಗಿರ್ಬೇಕು” ಎಂದೆ.

ಅವಳು ನನ್ನ ಕಪ್ಪು ಬೆರಳು ನೋಡಿದಳು, ಆಮೇಲೆ ಮೇಜಿನ ಮೇಲಿದ್ದ ವಿಮಾನ ನೋಡಿದಳು. ಖಾಲಿ ಐಲೈನರಿಗೆ ಮೆಲ್ಲಗೆ ಮುಚ್ಚಳ ಹಾಕಿ ಚಪ್ಪಲಿ ಮೆಟ್ಟಿದಳು. ನನಗೆ ಅದಕ್ಕೇ ಹೆದರಿಕೆಯಾಯಿತು.

ಗಾಂಧಿ ಬಜಾರ್ ಹತ್ತಿರದ ಛತ್ರದಲ್ಲಿ ಊಟಕ್ಕೆ ಕೂತಾಗ ಅವಳ ಸೋದರತ್ತೆ ಕೇಳಿದರು: “ಯಾಕಮ್ಮಾ, ಕಣ್ಣು ಬಾಡಿದೆ, ಹುಷಾರಿಲ್ವಾ?”

“ಚೆನ್ನಾಗೇ ಇದೀನಿ ಅತ್ತೆ. ನನ್ನ ಐಲೈನರ್‌ನೆಲ್ಲ ಇವ್ರು ಆಟದ ವಿಮಾನಕ್ಕೆ ಹಚ್ಚಿದಾರೆ. ಮದುವೆಗೆ ಅದನ್ನೇ ಕರ್ಕೊಂಡ್ ಬರ್ಬೇಕಿತ್ತು.”

ಇಡೀ ಪಂಕ್ತಿ ನಕ್ಕಿತು. ನಾನು ತಲೆಯೆತ್ತದೆ ಚಿರೋಟಿ ಮುರಿದೆ.

ಮನೆಗೆ ಬಂದು ವಿಮಾನದ ರೆಕ್ಕೆ ನೋಡಿದೆ. ಇಷ್ಟು ನೇರವಾದ ಗೆರೆಯನ್ನು ನಾನು ಜನ್ಮದಲ್ಲಿ ಎಳೆದಿರಲಿಲ್ಲ. ಅದನ್ನು ಅವಳಿಗೆ ಹೇಳುವ ಧೈರ್ಯವಿಲ್ಲದೆ ನಿಮಗೆ ಹೇಳುತ್ತಿದ್ದೇನೆ.