ಐ ಕಮ್, ಅಮ್ಮಾ

ನನ್ನ ಮಗಳ ಫೋನಿನಲ್ಲಿ ಇಂಗ್ಲಿಷ್ ಪದ ಕಲಿಸುವ ಹೆಂಗಸೊಬ್ಬಳಿದ್ದಾಳೆ. ಮುಖವಿಲ್ಲ, ದನಿ ಮಾತ್ರ. ಡೋರ್, ಸ್ಪೂನ್, ಅಂಬ್ರೆಲಾ ಅನ್ನುತ್ತಾಳೆ; ಡಿಸೆಂಬರ್ ಬಂತೆಂದರೆ ಸ್ನೋ, ಸ್ಟಾರ್, ಗಿಫ್ಟ್ ಎಂದು ಹಬ್ಬದ ಪದಗಳಿಗೆ ಇಳಿಯುತ್ತಾಳೆ. ಅದಕ್ಕೆಲ್ಲ ನಾನು ಕಿವಿಗೊಡುವುದಿಲ್ಲ. ಆದರೆ ಮುಸ್ಸಂಜೆ ಹೊತ್ತಿನಲ್ಲಿ ಆ ದನಿ 'ಕಮ್' ಅಂದರೆ ಮಾತ್ರ ನನ್ನ ಕಣ್ಣು ತಾನಾಗಿ ಬಾಗಿಲ ಕಡೆ ಹೊರಳುತ್ತದೆ, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ. ನೀವೂ ಒಂದು ಮನೆಯನ್ನು ಕಳೆದುಕೊಂಡವರಾದರೆ ಇದಕ್ಕೆ ನಗಲಾರಿರಿ.

ಆ ಮನೆ ಆಂಧ್ರದ ಗಡಿಗೆ ಅಂಟಿದ ರಾಯಲ್ಪಾಡಿನಲ್ಲಿತ್ತು. ಈಗ ಅಲ್ಲಿ ಟೊಮೆಟೊ ಕ್ರೇಟು ಪೇರಿಸುವ ಶೆಡ್ಡು ಎದ್ದಿದೆ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತಿದ್ದ ಆ ಮನೆಯೊಳಕ್ಕೆ ಇಂಗ್ಲಿಷನ್ನು ಬಿಟ್ಟುಕೊಂಡವಳು ಅಪ್ಪನ ತಂಗಿ ಪದ್ಮತ್ತೆ. ಶ್ರೀನಿವಾಸಪುರದ ಕಾನ್ವೆಂಟೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತ್ತು ಅವಳಿಗೆ. ನಾಳೆಯ ಪಾಠವನ್ನು ಇವತ್ತೇ ನಮ್ಮ ಮೇಲೆ ಪ್ರಯೋಗಿಸುತ್ತಿದ್ದಳು. ಸೀಮೆಸುಣ್ಣದಲ್ಲಿ ಬಾಗಿಲಿಗೆ ಡೋರ್, ಕಿಟಕಿಗೆ ವಿಂಡೋ ಎಂದು ಬರೆದದ್ದು ಸಾಲದೆ ಅಜ್ಜಿಯ ಬೆನ್ನ ಮೇಲೆ ಗ್ರಾಂಡ್‌ಮದರ್ ಎಂದು ಬರೆಯಲು ಹೋಗಿ ಬೈಸಿಕೊಂಡಳು. ಕೆಲಸಕ್ಕೆ ಹೊರಟ ಮೊದಲ ದಿನ ಹೊಸ್ತಿಲ ಮೇಲೆ ನಿಂತು ಬಿಂಕದಿಂದ, "ಐ ಗೋ, ಅಮ್ಮಾ" ಅಂದಳು. ಅಜ್ಜಿ ನನ್ನನ್ನು ಅರ್ಥ ಕೇಳಿದಳು. ನಾನು ಹೇಳಿದ್ದೇ ತಡ, ಮಗಳ ಕೈ ಹಿಡಿದು ಒಳಗೆಳೆದು, ಕೂರಿಸಿ, ನೀರು ಕುಡಿಸಿದಳು.

"ತಲ್ಲೀ, ನನ್ ತಾಯೀ, ಮನೆ ಬಿಡೋವಾಗ ಯಾರಾದ್ರೂ ಪೋತಾನು, ಹೋಗ್ತೀನಿ ಅಂತಾರೇನೇ? ವಸ್ತಾನು ಅನ್ಬೇಕು, ಬರ್ತೀನಿ ಅನ್ಬೇಕು. ನಿನ್ ಇಂಗ್ಲೀಷ್‌ನಲ್ಲಿ ಬರೋದಕ್ಕೆ ಮಾತೇ ಇಲ್ವಾ?"

"ಇದೆ ಕಣಮ್ಮ. ಕಮ್."

"ಹಂಗಾದ್ರೆ ಅದನ್ನೇ ಅನ್ನು."

ಬಸ್ಸು ತಪ್ಪಿತು. ಅಂದಿನಿಂದ ಪದ್ಮತ್ತೆ ಹೊರಡುವಾಗಲೆಲ್ಲ "ಐ ಕಮ್, ಅಮ್ಮಾ" ಅನ್ನತೊಡಗಿದಳು. ತಪ್ಪೆಂದು ಗೊತ್ತಿದ್ದೇ ಅನ್ನುತ್ತಿದ್ದಳು. ಆ ತಪ್ಪು ಶಾಲೆಗೂ ಅಂಟಿತು. ಅವಳ ಜೊತೆಗೇ ಬಸ್ಸಿಳಿಯುತ್ತಿದ್ದ ನಮ್ಮ ಬೀದಿಯ ಮಕ್ಕಳು ಸಂಜೆ ನಮ್ಮ ಬಾಗಿಲ ಮುಂದೆ "ಐ ಕಮ್, ಮಿಸ್" ಎಂದು ಕೂಗಿ ತಮ್ಮ ತಮ್ಮ ಮನೆ ಸೇರುತ್ತಿದ್ದರು.

ಆ ವರ್ಷ ಮಾವು ಬೇಗ ಹೂ ಬಿಟ್ಟಿತ್ತು. ಮನೆಯೊಳಗೆಲ್ಲ ಆ ಹುಳಿಸಿಹಿ ವಾಸನೆ. ಮಕ್ಕಳಿಗೆ ಕ್ರಿಸ್‌ಮಸ್ ಪದಗಳನ್ನು ಕಲಿಸುತ್ತಿರುವಾಗಲೇ ಪದ್ಮತ್ತೆಗೆ ಜ್ವರ ಏರಿತು, ಇಳಿಯಲೇ ಇಲ್ಲ. ಕೋಲಾರದ ಆಸ್ಪತ್ರೆಗೆ ಸಾಗಿಸುವಾಗ ಕಾರಿನ ಹಿಂದಿನ ಸೀಟಿನಿಂದ ತಲೆ ಎತ್ತಿ, "ಐ ಕಮ್, ಅಮ್ಮಾ" ಅಂದಳು. ಆಮೇಲೆ ಅವಳನ್ನು ತಂದರು. ಹೊರಗೆ ಸತ್ತವರನ್ನು ಹೊಸ್ತಿಲು ದಾಟಿಸಬಾರದೆಂದು ಹಿರಿಯರು ಹೇಳಿದ್ದರಿಂದ ಅಂಗಳದಲ್ಲೇ ಮಲಗಿಸಿ, ಅಲ್ಲಿಂದಲೇ ಒಯ್ದರು.

ಕೆಲವು ದಿನ ಕಳೆದ ಮೇಲೆ, ನನ್ನ ಅಮ್ಮ ದೀಪ ಹಚ್ಚುತ್ತಿದ್ದಾಗ ಬಾಗಿಲಾಚೆಯಿಂದ ಆ 'ಐ ಕಮ್' ಕೇಳಿಸಿತು. ಬೀದಿಯ ಮಕ್ಕಳಿರಬೇಕು ಅಂದುಕೊಂಡೆವು. ಮರುಕ್ಷಣವೇ ನೆನಪಾಯಿತು, ಶಾಲೆಗೆ ಕ್ರಿಸ್‌ಮಸ್ ರಜೆ. ಮಕ್ಕಳೆಲ್ಲ ನೆಂಟರ ಊರಿಗೆ ಹೋಗಿದ್ದರು. ಅಲ್ಲದೆ ಆ ದನಿ 'ಮಿಸ್' ಅನ್ನಲಿಲ್ಲ, 'ಅಮ್ಮಾ' ಅಂದಿತು. ಅಮ್ಮ ಎದ್ದು ಅಗಳಿ ಹಾಕಿದಳು. ಅಜ್ಜಿ ಹೋಗಿ ತೆಗೆದಳು. ಹೊರಗೆ ಯಾರೂ ಇರಲಿಲ್ಲ. ನಮ್ಮ ನಾಯಿ ಮಾತ್ರ ಅಂಗಳದಲ್ಲಿ ಅವಳನ್ನು ಮಲಗಿಸಿದ್ದ ಜಾಗವನ್ನೇ ನೋಡುತ್ತಾ ಬಾಲ ಆಡಿಸುತ್ತಿತ್ತು. ಮಾರನೆಯ ದಿನವೂ ಹಾಗೇ, ಅದರ ಮಾರನೆಯ ದಿನವೂ ಹಾಗೇ. ಅಜ್ಜಿ ಮೊದಮೊದಲು ಹಿಗ್ಗಿ, ಊಟದ ತಟ್ಟೆ ಇಟ್ಟು ಕಾದಳು. ನನಗೆ ಅವಳನ್ನು ನೋಡಿಯೇ ಹೆಚ್ಚು ಹೆದರಿಕೆಯಾಗುತ್ತಿತ್ತು. ಒಂದು ಸಂಜೆ ಅವಳು ತಟ್ಟೆ ಇಡಲಿಲ್ಲ. ನನ್ನನ್ನು ಹತ್ತಿರ ಕರೆದು, "ಪಾಪ, ದಿನಾ ಬಂದು ಹೊರಗೇ ನಿಂತ್ಕೊಳ್ತಾಳೆ ಕಣೇ. ಒಳಗೆ ಬರೋಕಾಗಲ್ಲ, ಹೋಗೋಕೂ ಆಗಲ್ಲ. ಮಾತಲ್ಲಿ ಕಟ್ಟಾಕ್ಬಿಟ್ಟೆ ನಾನು. ಮೊದಲನೇ ದಿನ ಅಂದ್ಳಲ್ಲ, ಅದೇನು ಮಾತು?" ಅಂದಳು.

ನಾನು ಹೇಳಿಕೊಟ್ಟೆ. ನಾನು ಯಾರಿಗಾದರೂ ಕಲಿಸಿದ ಮೊದಲ ಇಂಗ್ಲಿಷ್ ಪದ ಅದು. ಹೆತ್ತ ಮಗಳಿಗೆ ಹೋಗು ಎಂದು ಕನ್ನಡದಲ್ಲಿ ಹೇಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ, ತೆಲುಗಿನಲ್ಲೂ ಬರುತ್ತಿರಲಿಲ್ಲ. ಅಜ್ಜಿ ಚೌಕಟ್ಟು ಹಿಡಿದು ನಿಂತು, ಕತ್ತಲಾಗುತ್ತಿದ್ದ ಅಂಗಳಕ್ಕೆ ಮೆಲ್ಲಗೆ, "ಗೋ, ತಲ್ಲೀ... ಗೋ" ಅಂದಳು.

ನಾಯಿ ಎದ್ದು, ಯಾರನ್ನೋ ಕಳಿಸಿಕೊಡುವಂತೆ ಬೀದಿಯ ತಿರುವಿನವರೆಗೆ ನಡೆದುಹೋಗಿ, ಒಂಟಿಯಾಗಿ ಮರಳಿತು. ಆ ದನಿ ಮತ್ತೆಂದೂ ಕೇಳಿಸಲಿಲ್ಲ. ಅಜ್ಜಿ ಮಾತ್ರ ಬದುಕಿದ್ದಷ್ಟು ಕಾಲವೂ ಮುಸ್ಸಂಜೆಗೆ ಬಾಗಿಲ ಬಳಿ ಕುಳಿತು ಕಿವಿಯಾನಿಸುತ್ತಿದ್ದಳು.